ಹಳೆಯ ಹಾಯಿದೋಣಿ ಕೊಳ್ಳುವ ಮುನ್ನ: ನೀರಿನ ಜಾಡು ಹಿಡಿದು ಪರೀಕ್ಷಿಸುವ ಕ್ರಮ

ಮಲೆನಾಡಿನಲ್ಲಿ ಹಳೆಯ ಹೆಂಚಿನ ಮನೆ ಕೊಳ್ಳಲು ಹೋಗುವ ಅನುಭವಸ್ಥರು ಗೋಡೆಯ ಹೊಸ ಬಣ್ಣಕ್ಕೆ ಮರುಳಾಗುವುದಿಲ್ಲ. ಮಾಡಿನ ಪಕಾಸಿ, ರೀಪುಗಳ ಮೇಲೆ ಕಣ್ಣಾಡಿಸಿ ನೀರಿಳಿದ ಕಲೆ ಎಲ್ಲಿದೆ ಎಂದು ಹುಡುಕುತ್ತಾರೆ. ಸಾಧ್ಯವಾದರೆ ಆಷಾಢದಲ್ಲಿಯೇ ಮನೆ ನೋಡಲು ಹೋಗುತ್ತಾರೆ. ಹಳೆಯ ಹಾಯಿದೋಣಿಯನ್ನು ನೋಡಬೇಕಾದ ಕ್ರಮವೂ ಇದೇ. ನಲವತ್ತು ವರ್ಷ ತೇಲಿದ ಫೈಬರ್‌ಗ್ಲಾಸ್ ದೋಣಿಯಲ್ಲಿ ಜೇಬು ಬರಿದು ಮಾಡುವ ದೋಷಗಳಲ್ಲಿ ಹೆಚ್ಚಿನವು ನೀರಿನಿಂದ ಹುಟ್ಟಿದವು, ಅಂದರೆ ಬರಬಾರದ ಜಾಗಕ್ಕೆ ಬಂದು, ಹೊರಹೋಗಲು ದಾರಿಯಿಲ್ಲದೆ ನಿಂತ ನೀರು. ಆದ್ದರಿಂದ ಈ ಮಾರ್ಗದರ್ಶಿಯನ್ನು ದೋಣಿಯ ಭಾಗಗಳ ಪಟ್ಟಿಯಂತೆ ಬರೆಯದೆ, ನೀರಿನ ಜಾಡನ್ನು ಹಿಡಿದು ಹೋಗುವ ಕ್ರಮದಲ್ಲಿ ಬರೆದಿದ್ದೇನೆ.

ಕ್ಷೇತ್ರವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯಲ್ಲಿ, ಮೇರಿಲ್ಯಾಂಡ್ ರಾಜ್ಯದ ರಾಜಧಾನಿ ಅನ್ನಾಪೊಲಿಸ್‌ನಿಂದ ಹಿಡಿದು ವರ್ಜೀನಿಯಾದ ಡೆಲ್ಟಾವಿಲ್‌ವರೆಗಿನ ಬೋಟ್‌ಯಾರ್ಡ್‌ಗಳಲ್ಲಿ, 1975ರಿಂದ 1990ರ ನಡುವೆ ತಯಾರಾದ 28ರಿಂದ 34 ಅಡಿ ಉದ್ದದ ಹಾಯಿದೋಣಿಗಳು ಸದಾ ಮಾರಾಟಕ್ಕಿರುತ್ತವೆ. ಗಂಗೊಳ್ಳಿಯ ಅಳಿವೆಯ ಬದಿಯಲ್ಲಿ ಮೀನುದೋಣಿಗಳನ್ನು ನೋಡುತ್ತ ಬೆಳೆದು, ಕೆಲಸಕ್ಕೆಂದು ಈ ಕಡೆಗೆ ಬಂದು, ಇಂತಹ ಎರಡು ದೋಣಿಗಳನ್ನು ಒಂದರ ನಂತರ ಒಂದರಂತೆ ಕೊಂಡ ನನ್ನ ಅನುಭವವೂ ಈ ಕೊಲ್ಲಿಗೇ ಸೇರಿದ್ದು. ವಾಷಿಂಗ್ಟನ್, ಬಾಲ್ಟಿಮೋರ್ ಸುತ್ತ ನೆಲೆಸಿರುವ ಕನ್ನಡಿಗರಲ್ಲಿ ದೋಣಿಯ ಮೇಲೆಯೇ ಸಂಸಾರ ಹೂಡುವ ಕನಸಿರುವವರಿಗೆ ಇದು ಉಪಯೋಗಕ್ಕೆ ಬಂದೀತು.

1. ಯಾವ ನೀರಿನಲ್ಲಿ ತೇಲಬೇಕು ಎಂಬುದನ್ನು ನಿರ್ಧರಿಸಿ

ಬಹುತೇಕ ಜನ ದೋಣಿಯ ಚಿತ್ರ ನೋಡಿ ಮನಸೋಲುತ್ತಾರೆ, ಬಳಿಕ ಅದನ್ನು ಎಲ್ಲಿ ಓಡಿಸುವುದೆಂದು ಯೋಚಿಸುತ್ತಾರೆ. ಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು. ಚೆಸಪೀಕ್ ಕೊಲ್ಲಿ ಸುಮಾರು 200 ಮೈಲಿ ಉದ್ದವಿದ್ದರೂ ಅದರ ಸರಾಸರಿ ಆಳ 21 ಅಡಿ ಮಾತ್ರ; ರಾತ್ರಿ ಲಂಗರು ಹಾಕಲು ಅತ್ಯಂತ ಪ್ರಶಸ್ತವಾದ ಒಳಗಿನ ಕ್ರೀಕ್‌ಗಳಲ್ಲಿ ಅನೇಕ ಕಡೆ 6–7 ಅಡಿ ನೀರು ಸಿಕ್ಕರೆ ಹೆಚ್ಚು. ಇಲ್ಲಿ ದೋಣಿಯ ಉದ್ದಕ್ಕಿಂತ ಅದರ ಕೀಲ್ (ತಳದಡಿಯ ಭಾರದ ರೆಕ್ಕೆ) ನೀರಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಮುಖ್ಯವಾಗುತ್ತದೆ. ನಾಲ್ಕರಿಂದ ಐದು ಅಡಿಯ ಕೀಲ್ ಈ ಕೊಲ್ಲಿಗೆ ಹಿತ. ಆರು ಅಡಿ ದಾಟಿದರೆ ಒಳ್ಳೆಯ ತಂಗುದಾಣಗಳಲ್ಲಿ ಅರ್ಧದಷ್ಟನ್ನು ನಕ್ಷೆಯಲ್ಲೇ ನೋಡಿ ತೃಪ್ತಿಪಡಬೇಕಾಗುತ್ತದೆ.

ಚಳಿಗಾಲದಲ್ಲಿ ದಕ್ಷಿಣಕ್ಕೆ ಹೋಗುವ ಆಲೋಚನೆಯಿದ್ದರೆ ಇನ್ನೊಂದು ಅಳತೆ ಸೇರಿಕೊಳ್ಳುತ್ತದೆ. ವರ್ಜೀನಿಯಾದ ನಾರ್‌ಫೋಕ್‌ನಿಂದ ಫ್ಲೋರಿಡಾದ ಮಯಾಮಿಯವರೆಗೆ ಸುಮಾರು 1,100 ಮೈಲಿ ಸಾಗುವ ಒಳನಾಡಿನ ಜಲಮಾರ್ಗವಾದ ಇಂಟ್ರಾಕೋಸ್ಟಲ್ ವಾಟರ್‌ವೇ ಮೇಲಿನ ಸ್ಥಿರ ಸೇತುವೆಗಳ ಎತ್ತರ ಸಾಮಾನ್ಯವಾಗಿ 65 ಅಡಿ. ಮಯಾಮಿಯ ಜೂಲಿಯಾ ಟಟಲ್ ಸೇತುವೆ ಮಾತ್ರ 56 ಅಡಿ. ಮೂವತ್ತು ಅಡಿಯ ದೋಣಿಯ ಮಾಸ್ಟ್ (ಹಾಯಿಕಂಬ) ಇವುಗಳಡಿ ನಿರಾತಂಕವಾಗಿ ದಾಟುತ್ತದೆ. ಉಬ್ಬರವಿಳಿತವನ್ನೂ ಮರೆಯಬಾರದು: ಅನ್ನಾಪೊಲಿಸ್‌ನಲ್ಲಿ ಅದು ಒಂದು ಅಡಿಯ ಆಸುಪಾಸಿನಲ್ಲಿದ್ದರೆ, ಅದೇ ಮಾರ್ಗದ ಜಾರ್ಜಿಯಾ ಕರಾವಳಿಯಲ್ಲಿ 7–8 ಅಡಿಯವರೆಗೆ ಏರಿಳಿಯುತ್ತದೆ.

ಈ ಎಲ್ಲ ಅಳತೆಗಳಿಗೆ ಹೊಂದುವ ದೋಣಿಗಳಲ್ಲಿ ಹೊಸಬರಿಗೆ ನಾನು ಮೊದಲು ತೋರಿಸುವುದು ಕ್ಯಾಟಲಿನಾ 30. ಎಪ್ಪತ್ತರ ದಶಕದ ನಡುವಿನಿಂದ 6,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ದೋಣಿ 29 ಅಡಿ 11 ಇಂಚು ಉದ್ದ, 10 ಅಡಿ 10 ಇಂಚು ಅಗಲವಿದ್ದು, ಸುಮಾರು 10,200 ಪೌಂಡ್, ಅಂದರೆ ನಾಲ್ಕೂವರೆ ಟನ್ನಿಗೆ ತುಸು ಹೆಚ್ಚು ತೂಗುತ್ತದೆ. ಸಾಮಾನ್ಯ ಕೀಲ್ 5 ಅಡಿ 3 ಇಂಚು ಇಳಿಯುತ್ತದೆ. ನಾಲ್ಕು ಅಡಿಯ ಆಸುಪಾಸಿನ ಮಾದರಿಗಳೂ ಇವೆ. ಇದು ಸಾಗರ ದಾಟುವ ದೋಣಿಯಲ್ಲ, ಹಾಗೆಂದು ಯಾರೂ ಹೇಳಿಕೊಳ್ಳುವುದೂ ಇಲ್ಲ. ಆದರೆ ಆರಡಿ ಎತ್ತರದವರು ತಲೆ ಬಗ್ಗಿಸದೆ ನಿಲ್ಲಬಹುದಾದ ಕ್ಯಾಬಿನ್, ಇಂದಿಗೂ ಸಿಗುವ ಬಿಡಿಭಾಗಗಳು, ಪ್ರತಿಯೊಂದು ದೋಷಕ್ಕೂ ಹಿಂದೆ ಯಾರೋ ಕಂಡುಕೊಂಡಿರುವ ಪರಿಹಾರ, ಇವು ಕರಾವಳಿ ಸಂಚಾರಕ್ಕೆ ಸಾಗರಯೋಗ್ಯತೆಯ ಬಿರುದಿಗಿಂತ ಹೆಚ್ಚು ಬೆಲೆಬಾಳುತ್ತವೆ. ಭಾರವಾದ, ಉದ್ದ ಕೀಲಿನ ಕೇಪ್ ಡೋರಿಯಂತಹ ದೋಣಿಗಳು ನೋಡಲು ಚೆಲುವು, ಅಲೆಯಲ್ಲಿ ಸೌಮ್ಯ. ಆದರೆ ಅದೇ ಉದ್ದಕ್ಕೆ ಒಳಗೆ ವಾಸದ ಜಾಗ ಕಡಿಮೆ, ಚೆಸಪೀಕ್‌ನ ಬೇಸಿಗೆಯ ಮಂದಗಾಳಿಯಲ್ಲಿ ಅವು ನಿದ್ದೆ ಹೋಗುತ್ತವೆ.

ಹಾಯಿ ಬಿಚ್ಚಿದ ಅನುಭವವೇ ಇಲ್ಲದವರು ಹುಡುಕಾಟ ಆರಂಭಿಸುವ ಮುನ್ನ ಒಂದು ತರಬೇತಿ ಮುಗಿಸಿ, ಬಾಡಿಗೆಯ ದೋಣಿಯಲ್ಲಿ ಎರಡು ರಾತ್ರಿ ಮಲಗಿ ಬರಬೇಕು. ಮೇರಿಲ್ಯಾಂಡ್‌ನಲ್ಲಿ 1972ರ ಜುಲೈ 1ರಂದು ಅಥವಾ ಅದರ ನಂತರ ಹುಟ್ಟಿದವರು ಯಂತ್ರವಿರುವ ದೋಣಿ ನಡೆಸಲು ಸುರಕ್ಷತಾ ಶಿಕ್ಷಣದ ಪ್ರಮಾಣಪತ್ರ ಹೊಂದಿರುವುದು ಕಡ್ಡಾಯವೂ ಹೌದು.

2. ಮೊದಲ ಭೇಟಿಯನ್ನು ಮಳೆಯ ಮರುದಿನ ಇಟ್ಟುಕೊಳ್ಳಿ

ಮಾರುವವರು ಬಿಸಿಲಿನ ಶನಿವಾರವನ್ನೇ ಸೂಚಿಸುತ್ತಾರೆ. ನೀವು ಜೋರು ಮಳೆ ಬಿದ್ದ ಮರುದಿನ ಬೆಳಿಗ್ಗೆ ಬರುತ್ತೇನೆಂದು ಹೇಳಿ. ಕ್ಯಾಬಿನ್‌ನ ಬಾಗಿಲ ಹಲಗೆ ತೆಗೆದ ಕೂಡಲೇ ಬರುವ ಮೊದಲ ವಾಸನೆಯನ್ನು ಗಮನಿಸಿ, ಏಕೆಂದರೆ ಐದು ನಿಮಿಷದಲ್ಲಿ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಮುಗ್ಗಲು ವಾಸನೆ ಸೋರಿಕೆಯನ್ನೂ, ಡೀಸೆಲ್ ವಾಸನೆ ಟ್ಯಾಂಕ್ ಅಥವಾ ಹೋಸ್‌ನ ಶಿಥಿಲತೆಯನ್ನೂ, ಶೌಚದ ವಾಸನೆ ಹಳಸಿದ ಸ್ಯಾನಿಟೇಶನ್ ಹೋಸ್‌ಗಳನ್ನೂ ಸೂಚಿಸುತ್ತದೆ. ಬಗೆಬಗೆಯ ಸುಗಂಧದ ಡಬ್ಬಿಗಳು ತೆರೆದಿಟ್ಟಿದ್ದರೆ ಎಚ್ಚರ ಇನ್ನಷ್ಟು ಹೆಚ್ಚಲಿ.

ಬಳಿಕ ಟಾರ್ಚ್ ಹಿಡಿದು ಕಿಟಕಿಗಳ ಕೆಳಗಿನ ಮರದ ಅಂಚು, ಹಾಸಿಗೆಗಳ ಅಡಿಯ ಪೆಟ್ಟಿಗೆಗಳು, ಬೀರುಗಳ ಹಿಂಗೋಡೆ ಇವನ್ನೆಲ್ಲ ಕೈಯಿಂದ ಮುಟ್ಟಿ ನೋಡಿ. ಕೊನೆಗೆ ನೆಲದ ಹಲಗೆ ಎತ್ತಿ ಬಿಲ್ಜ್ ನೋಡಿ: ದೋಣಿಯ ಎಲ್ಲ ಸೋರಿಕೆಗಳೂ ಬಂದು ಸೇರುವ ತಳಭಾಗ ಇದು. ಅಲ್ಲಿ ನೀರಿದ್ದರೆ ಅದು ಮಳೆಯದೋ, ಕುಡಿಯುವ ನೀರಿನ ಟ್ಯಾಂಕಿನದೋ, ಕೊಲ್ಲಿಯದೋ ಎಂಬುದನ್ನು ಪತ್ತೆಹಚ್ಚಬೇಕು. ಹಳಬರು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಹೇಳುತ್ತಿದ್ದರು. ಎಂಜಿನ್ನಿನ ವಿಷಕಾರಿ ಕೂಲಂಟ್ ಬೆರೆತಿರುವ ಸಾಧ್ಯತೆಯಿರುವುದರಿಂದ ನಾನು ಆ ಸಾಹಸ ಮಾಡುವುದಿಲ್ಲ. ಊರಿನ ಮನೆಗಳಲ್ಲಿ ಆರ್‌ಓ ನೀರು ಅಳೆಯಲು ಬಳಸುವ ಪೆನ್ನಿನ ಗಾತ್ರದ, ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ ಟಿಡಿಎಸ್ ಮೀಟರ್ ಒಂದು ನನ್ನ ಜೇಬಿನಲ್ಲಿರುತ್ತದೆ. ಮಳೆನೀರಾದರೆ ಅಂಕಿ ತೀರ ಕಡಿಮೆ, ಟ್ಯಾಂಕಿನ ನೀರಾದರೆ ನೂರರ ಲೆಕ್ಕದಲ್ಲಿ, ಅನ್ನಾಪೊಲಿಸ್‌ನ ಚೌಳು ನೀರಾದರೆ ಸಾವಿರಗಳ ಲೆಕ್ಕದಲ್ಲಿ ತೋರಿಸುತ್ತದೆ. ಬಿಲ್ಜ್‌ನಲ್ಲಿ ಮೊದಲೇ ಉಪ್ಪಿನ ಅಂಶ ಉಳಿದಿದ್ದರೆ ಅಂಕಿ ತಪ್ಪು ದಾರಿಗೆಳೆಯಬಹುದು. ಆದ್ದರಿಂದ ಒಮ್ಮೆ ಒರೆಸಿ ಒಣಗಿಸಿ, ಮತ್ತೆ ನೀರು ಕೂಡಿದಾಗ ಅಳೆಯುವುದು ಲೇಸು.

3. ಡೆಕ್: ತಟ್ಟಿ ಕೇಳುವ ವಿದ್ಯೆ

ಆ ಕಾಲದ ದೋಣಿಗಳ ಡೆಕ್, ಅಂದರೆ ನಾವು ನಡೆದಾಡುವ ಮೇಲ್ಭಾಗ, ಒಂದೇ ಗಟ್ಟಿ ಹಲಗೆಯಲ್ಲ. ಮೇಲೊಂದು, ಕೆಳಗೊಂದು ಫೈಬರ್‌ಗ್ಲಾಸ್ ಪದರ, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟು ಮಾಡಿದ ರಚನೆ ಅದು. ಹಾಗೆ ಮಾಡಿದ್ದರಿಂದ ಡೆಕ್ ಹಗುರವೂ ಬಿಗುವೂ ಆಯಿತು. ಆದರೆ ಹಗ್ಗ ಕಟ್ಟುವ ಕ್ಲೀಟ್, ಕಂಬಿ, ಹಗ್ಗ ಸುತ್ತಿ ಎಳೆಯುವ ವಿಂಚ್ ಮುಂತಾದವನ್ನು ಕೂರಿಸಲು ಕೊರೆದ ಒಂದೊಂದು ತೂತೂ ಒಳಗಿನ ಮರಕ್ಕೆ ನೀರಿನ ಬಾಗಿಲಾಯಿತು. ತೂತಿಗೆ ತುಂಬಿದ ಸೀಲಂಟ್ ಹತ್ತು ಹದಿನೈದು ವರ್ಷಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಹನಿಹನಿಯಾಗಿ ಇಳಿದ ನೀರು ಎರಡು ಪದರಗಳ ನಡುವೆ ಸಿಕ್ಕಿಕೊಂಡು ಮರವನ್ನು ಕೊಳೆಯಿಸುತ್ತದೆ, ಹೊರಗಿನಿಂದ ಮಾತ್ರ ಏನೂ ಕಾಣುವುದಿಲ್ಲ.

ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯೊಂದನ್ನು ತೆಗೆದುಕೊಂಡು, ಮಾಲೀಕರ ಒಪ್ಪಿಗೆ ಪಡೆದು, ಮುಂಭಾಗದಿಂದ ಆರಂಭಿಸಿ ಅಂಗೈ ಅಗಲಕ್ಕೊಂದರಂತೆ ಮೆಲ್ಲಗೆ ತಟ್ಟುತ್ತ ಬನ್ನಿ. ಹಲಸಿನಹಣ್ಣನ್ನು ತಟ್ಟಿ ನೋಡಿದವರಿಗೆ ಈ ವಿದ್ಯೆ ಅರ್ಧ ಬಂದಂತೆಯೇ: ಗಟ್ಟಿಯಾದ ಡೆಕ್ ‘ಟಕ್ ಟಕ್’ ಎಂದು ತೀಕ್ಷ್ಣವಾಗಿ ನುಡಿಯುತ್ತದೆ, ಒಳಗೆ ಕೊಳೆತ ಜಾಗ ‘ಬೊದ್’ ಎಂದು ಮಂಕಾಗುತ್ತದೆ. ಸದ್ದು ಬದಲಾದ ಅಂಚನ್ನು ಮಾಸ್ಕಿಂಗ್ ಟೇಪಿನ ತುಣುಕಿನಿಂದ ಗುರುತಿಸುತ್ತ ಹೋದರೆ, ಕೊಳೆತ ಭಾಗದ ನಕ್ಷೆಯೇ ಡೆಕ್ ಮೇಲೆ ಮೂಡುತ್ತದೆ. ತಟ್ಟೆಯಷ್ಟು ಜಾಗವಾದರೆ ವಾರಾಂತ್ಯದ ಕೆಲಸ. ಹಾಸಿಗೆಯಷ್ಟಾದರೆ ಬೆಲೆ ಎಷ್ಟೇ ಕಡಿಮೆಯಿರಲಿ, ವಂದನೆ ಹೇಳಿ ಹೊರಡುವುದು ಉತ್ತಮ. ನಡೆಯುವಾಗ ಕಾಲಡಿ ಮೆತ್ತಗಾಗುವ ಡೆಕ್‌ಗೆ ಸುತ್ತಿಗೆಯ ಪರೀಕ್ಷೆಯೇ ಬೇಡ.

ಡೆಕ್ ಮೇಲೆ ಇನ್ನೊಂದು ಜಾಗಕ್ಕೆ ವಿಶೇಷ ಸಮಯ ಕೊಡಬೇಕು. ಮಾಸ್ಟನ್ನು ಎರಡೂ ಬದಿಯಿಂದ ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳು ಚೈನ್‌ಪ್ಲೇಟ್ ಎನ್ನುವ ಪಟ್ಟಿಗಳಿಗೆ ಕಟ್ಟಿರುತ್ತವೆ. ಆ ಪಟ್ಟಿಗಳು ಡೆಕ್ ಸೀಳಿಕೊಂಡು ಕೆಳಗಿಳಿದು, ಒಳಗಿನ ಪ್ಲೈವುಡ್ ಅಡ್ಡಗೋಡೆಗೆ ಬೋಲ್ಟ್ ಆಗಿರುವುದು ಆ ಕಾಲದ ದೋಣಿಗಳಲ್ಲಿ ಸಾಮಾನ್ಯ. ನನ್ನ ಮೊದಲ ದೋಣಿಯನ್ನು ನಾನು ಒಣ ಸೆಪ್ಟೆಂಬರಿನಲ್ಲಿ ನೋಡಿ, ಅಡ್ಡಗೋಡೆಗೆ ಹೊಸದಾಗಿ ಬಳಿದಿದ್ದ ವಾರ್ನಿಶ್ ಮೆಚ್ಚಿಕೊಂಡು ಕೊಂಡಿದ್ದೆ. ಅಕ್ಟೋಬರಿನ ಮೊದಲ ಮಳೆಯ ರಾತ್ರಿ ದಿಂಬಿನ ಬಲತುದಿಗೆ ಹನಿ ಬೀಳತೊಡಗಿತು. ಬೆಳಿಗ್ಗೆ ಚೈನ್‌ಪ್ಲೇಟಿನ ಬೋಲ್ಟ್ ಬಿಚ್ಚಿ, ಹಿಂದಿದ್ದ ಪ್ಲೈವುಡ್ಡಿಗೆ ಸ್ಕ್ರೂಡ್ರೈವರ್ ಒತ್ತಿದರೆ ಅದು ಬೆಣ್ಣೆಯೊಳಗೆ ಹೋದಂತೆ ಹೋಯಿತು; ಹೊರತೆಗೆದಾಗ ಕಪ್ಪು ಪುಡಿ ಒದ್ದೆ ಕಾಫಿಚರಟದಂತೆ ಹಾಸಿಗೆಯ ಮೇಲೆ ಉದುರಿತು. ಮಾಸ್ಟಿನ ಭಾರ ಎಳೆಯುತ್ತಿದ್ದುದು ಅದನ್ನು. ಅಂದಿನಿಂದ ಅಡ್ಡಗೋಡೆಯಲ್ಲಿ ಉಳಿದ ಮರಕ್ಕಿಂತ ಹೊಳೆಯುವ ಭಾಗ ಕಂಡರೆ ನಾನು ಮೊದಲು ಕೇಳುವುದು ಅದನ್ನು ಏಕೆ ಬಳಿದರು ಎಂದು.

4. ನೀರಿನ ಗೆರೆಯ ಕೆಳಗೆ

ಇಲ್ಲಿಂದ ಮುಂದಿನ ಪರೀಕ್ಷೆಗೆ ದೋಣಿಯನ್ನು ಕ್ರೇನಿನ ಪಟ್ಟಿಗಳಲ್ಲಿ ಮೇಲೆತ್ತಿಸಬೇಕು. ಒಡಲು ಮತ್ತು ಸೀಸದ ಕೀಲ್ ಸೇರುವ ಗೆರೆಯನ್ನು ಮೊದಲು ನೋಡಿ. ಕ್ಯಾಟಲಿನಾಗಳಲ್ಲಿ ಈ ಗೆರೆಯ ಮುಂಭಾಗದಲ್ಲಿ ಬಾಯಿ ತುಸು ತೆರೆದಂತೆ ಬಿರುಕು ಕಾಣುವುದು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ‘ಕ್ಯಾಟಲಿನಾ ಸ್ಮೈಲ್’ ಎಂಬ ಹೆಸರೇ ಬಿದ್ದಿದೆ. ಕೂದಲೆಳೆಯ ನಗೆಯಾದರೆ ಬೋಲ್ಟ್‌ಗಳನ್ನು ಸರಿಯಾದ ಬಿಗುವಿಗೆ ತಿರುಗಿಸಿ, ಗೆರೆಯನ್ನು ಹೊಸದಾಗಿ ಮುಚ್ಚಿದರೆ ಮುಗಿಯುತ್ತದೆ. ಬಿರುಕಿನಿಂದ ತುಕ್ಕಿನ ಬಣ್ಣದ ನೀರು ಒಸರುತ್ತಿದ್ದರೆ, ಅಥವಾ ಒಳಗೆ ಬಿಲ್ಜ್‌ನಲ್ಲಿ ಕೀಲ್ ಬೋಲ್ಟಿನ ನಟ್‌ಗಳು ಪದರಪದರವಾಗಿ ಕಳಚುತ್ತಿದ್ದರೆ ವಿಷಯ ಬೇರೆ. ಆರಂಭದ ವರ್ಷಗಳ ಕ್ಯಾಟಲಿನಾ 30ಗಳಲ್ಲಿ ಕೀಲ್ ಕೂರುವ ಬುಡದೊಳಗೆ ಪ್ಲೈವುಡ್ ಸೇರಿಸಿದ್ದರಿಂದ, ಅದು ನೀರು ಕುಡಿದು ಕುಸಿದರೆ ಬೋಲ್ಟ್‌ಗಳಿಗೆ ಹಿಡಿತವೇ ಇರುವುದಿಲ್ಲ. ಅಂತಹ ದೋಣಿಯಲ್ಲಿ ಮಾಸ್ಟಿನ ಕೆಳಗಿನ ಆಧಾರಕಂಬದ ಬುಡ, ಅದರ ಸುತ್ತಲಿನ ಬಾಗಿಲುಗಳು ಸರಾಗವಾಗಿ ಮುಚ್ಚುತ್ತವೆಯೇ ಎಂಬುದನ್ನೂ ನೋಡಬೇಕು. ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದ್ದರೆ ಕಂಬ ಕುಸಿಯುತ್ತಿರಬಹುದು.

ಒಡಲಿನ ಮೇಲೆ ಕಾಣುವ ಸಣ್ಣ ಗುಳ್ಳೆಗಳಿಗೆ ಜನ ಅಗತ್ಯಕ್ಕಿಂತ ಹೆಚ್ಚು ಹೆದರುತ್ತಾರೆ. ನಾಣ್ಯದಷ್ಟು ಅಗಲದ ಹತ್ತಿಪ್ಪತ್ತು ಗುಳ್ಳೆಗಳು ಬೆಲೆ ಇಳಿಸಲು ಒಳ್ಳೆಯ ಕಾರಣವೇ ಹೊರತು ಬಿಟ್ಟು ಬರಲು ಕಾರಣವಲ್ಲ. ಚುಕ್ಕಾಣಿಯನ್ನು ಮಾತ್ರ ಅಲಕ್ಷಿಸಬೇಡಿ: ಅದರೊಳಗಿನ ಫೋಮ್ ನೀರು ಹೀರಿದ್ದರೆ ಎತ್ತಿದ ಕೆಲವು ಗಂಟೆಗಳ ನಂತರವೂ ಅಂಚಿನಿಂದ ಕಂದು ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಒಳಗಿನ ಉಕ್ಕಿನ ಚೌಕಟ್ಟಿನ ಗತಿ ಏನೆಂದು ಅದರಿಂದ ಊಹಿಸಬಹುದು. ಪ್ರೊಪೆಲ್ಲರನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಶಾಫ್ಟ್ ಗಡಗಡ ಅಲುಗಿದರೆ ಅದನ್ನು ಹಿಡಿದಿರುವ ರಬ್ಬರ್ ಬೇರಿಂಗ್ ಸವೆದಿದೆ.

ಒಡಲಿನಲ್ಲಿ ಸಿಂಕ್, ಶೌಚ, ಎಂಜಿನ್ನಿನ ತಂಪುನೀರು ಇವಕ್ಕೆಂದು ಕೊರೆದ ತೂತುಗಳಿಗೆ ಒಳಗಿನಿಂದ ಕೂರಿಸಿದ ಕವಾಟವೇ ಸೀಕಾಕ್. ಒಂದೊಂದನ್ನೂ ತೆರೆದು ಮುಚ್ಚಿ ನೋಡಬೇಕು. ಹಳೆಯ ದೋಣಿಗಳಲ್ಲಿ ಮನೆಯ ನಲ್ಲಿಯಂತೆ ಚಕ್ರ ತಿರುಗಿಸುವ ಹಿತ್ತಾಳೆಯ ಗೇಟ್‌ವಾಲ್ವ್‌ಗಳಿದ್ದರೆ ಅವನ್ನು ತೆಗೆಸಿ ಕಂಚಿನ ಸೀಕಾಕ್ ಹಾಕಿಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಉಪ್ಪುನೀರಿನಲ್ಲಿ ಹಿತ್ತಾಳೆಯ ಸತು ಕರಗಿಹೋಗಿ ಲೋಹ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕೈಯಲ್ಲಿ ಹಿಡಿದ ಚಕ್ರವೇ ಕಿತ್ತುಬಂದು ತೂತು ಮಾತ್ರ ಉಳಿಯುವುದುಂಟು. ಪ್ರತಿ ಸೀಕಾಕ್‌ನ ಪಕ್ಕ, ಅಂತಹ ತೂತಿಗೆ ಜಡಿಯಲೆಂದು, ಮೊನೆಯುಳ್ಳ ಮೆದು ಮರದ ಬಿರಡೆಯೊಂದು ದಾರದಲ್ಲಿ ತೂಗಾಡುತ್ತಿದ್ದರೆ, ಹಿಂದಿನ ಮಾಲೀಕರು ಜವಾಬ್ದಾರಿಯುಳ್ಳವರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

5. ಮಾಸ್ಟ್, ತಂತಿ ಮತ್ತು ಹಾಯಿ

ಸ್ಟೇನ್‌ಲೆಸ್ ಎಂಬ ಹೆಸರು ಸಮುದ್ರದಲ್ಲಿ ಅರ್ಧಸತ್ಯ. ತಂತಿಯ ತುದಿಗಳನ್ನು ಒತ್ತಿ ಸೇರಿಸಿದ ಕೊಳವೆಗಳಲ್ಲಿ, ಅದರಲ್ಲೂ ನೀರು ಇಳಿದು ನಿಲ್ಲುವ ಕೆಳತುದಿಯಲ್ಲಿ, ಕೂದಲೆಳೆಯ ಸೀಳುಗಳನ್ನು ಭೂತಗನ್ನಡಿಯಿಂದ ಹುಡುಕಿ. ಹಳೆಯ ಬಟ್ಟೆಯನ್ನು ತಂತಿಗೆ ಸುತ್ತಿ ಎಳೆದಾಗ ಎಲ್ಲಾದರೂ ಸಿಕ್ಕಿಕೊಂಡರೆ ಒಂದು ಎಳೆ ತುಂಡಾಗಿದೆ ಎಂದರ್ಥ, ಆ ತಂತಿ ಬದಲಾಗಲೇಬೇಕು. ತಂತಿಗಳನ್ನು ಕೊನೆಯ ಬಾರಿ ಯಾವಾಗ ಬದಲಿಸಿದರು ಎಂಬುದಕ್ಕೆ ರಸೀದಿ ಕೇಳಿ. ಹದಿನೈದು ವರ್ಷ ಮೀರಿದ್ದರೆ ವಿಮಾ ಕಂಪನಿಗಳು ತಕರಾರು ತೆಗೆಯುವ ಸಂಭವವಿದೆ, ಮೂವತ್ತು ಅಡಿಯ ದೋಣಿಗೂ ಈ ಕೆಲಸ ಸಾವಿರಾರು ಡಾಲರ್‌ಗಳದ್ದು. ಹಾಯಿಗಳನ್ನು ಹುಲ್ಲಿನ ಮೇಲೆ ಬಿಡಿಸಿ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ. ಬಿಸಿಲಿಗೆ ಸತ್ತ ದಾರ ಪುಡಿಯಾಗುತ್ತದೆ. ಬಟ್ಟೆ ಗಟ್ಟಿಯಿದ್ದರೆ ಮರುಹೊಲಿಗೆ ಸಾಕು.

6. ಎಂಜಿನ್: ತಣ್ಣಗಿರುವಾಗಲೇ ಭೇಟಿಯಾಗಿ

ನೀವು ಬರುವ ಮುನ್ನ ಎಂಜಿನ್ ಚಾಲೂ ಮಾಡಬಾರದೆಂದು ಮಾರುವವರಿಗೆ ಮುಂಚಿತವಾಗಿಯೇ ತಿಳಿಸಿ, ಹೋದ ಕೂಡಲೇ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನಗುತ್ತಲೇ ಇನ್ನೊಂದು ದಿನ ಬರುತ್ತೇನೆಂದು ಹೇಳಿ. ತಣ್ಣಗಿನ ಡೀಸೆಲ್ ಎಂಜಿನ್ ಚಾಲೂ ಆಗಲು ಪಡುವ ಪಾಡಿನಲ್ಲಿ ಅದರ ಆಯುಸ್ಸು ತಿಳಿಯುತ್ತದೆ. ದೋಣಿಯ ಹಿಂಭಾಗದಿಂದ ತಂಪುನೀರು ಬಿಟ್ಟುಬಿಟ್ಟು ಚಿಮ್ಮುತ್ತಿರಬೇಕು. ಹೊಗೆ ಕೆಲ ನಿಮಿಷಗಳ ನಂತರವೂ ನಿಲ್ಲದಿದ್ದರೆ ಅದರ ಬಣ್ಣ ನೋಡಿ: ಕಪ್ಪಾದರೆ ಇಂಧನ ಪೂರ್ತಿ ಉರಿಯುತ್ತಿಲ್ಲ ಅಥವಾ ಎಂಜಿನ್ ಮೇಲೆ ಭಾರ ಹೆಚ್ಚಿದೆ, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಉರಿಯದ ಇಂಧನ ಅಥವಾ ಒಳಗೆ ನುಗ್ಗಿದ ನೀರು. ಕೊಲ್ಲಿಗೆ ಇಳಿಸಿದ ಮೇಲೆ ಗೇರಿನಲ್ಲಿ ಪೂರ್ಣ ವೇಗದಲ್ಲಿ ಹತ್ತು ನಿಮಿಷ ಓಡಿಸಿ ಉಷ್ಣತೆಯ ಮುಳ್ಳನ್ನು ಗಮನಿಸದೆ ಪರೀಕ್ಷೆ ಪೂರ್ಣವಾಗುವುದಿಲ್ಲ. ಐದು ನಿಮಿಷ ಚೆನ್ನಾಗಿದ್ದು ಆರನೆಯದಕ್ಕೆ ಏರತೊಡಗುವ ಉಷ್ಣತೆ ಹೀಟ್ ಎಕ್ಸ್‌ಚೇಂಜರ್ ಅಥವಾ ಎಕ್ಸಾಸ್ಟ್ ಕಟ್ಟಿಕೊಂಡಿರುವುದರ ಲಕ್ಷಣ.

ಎಪ್ಪತ್ತರ ದಶಕದ ಅನೇಕ ದೋಣಿಗಳಲ್ಲಿ ಅಟಾಮಿಕ್ 4 ಎಂಬ ಪೆಟ್ರೋಲ್ ಎಂಜಿನ್ ಇಂದಿಗೂ ಇದೆ. ಎಂಜಿನ್ ಒಳ್ಳೆಯದೇ, ಸದ್ದೂ ಹಿತ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಬಿಲ್ಜ್‌ನಲ್ಲಿ ಕೂತಿರುತ್ತದೆ. ಪ್ರತಿ ಬಾರಿಯೂ ಆವಿಯನ್ನು ಹೊರದೂಡುವ ಬ್ಲೋವರನ್ನು ಕನಿಷ್ಠ ನಾಲ್ಕು ನಿಮಿಷ ಓಡಿಸಿ, ಮೂಸಿ ನೋಡಿ, ಆಮೇಲಷ್ಟೇ ಚಾಲೂ ಮಾಡಬೇಕು. ರಾತ್ರಿ ಒಳಗೆ ಮಲಗುವ ದೋಣಿಗೆ ನಾನು ಡೀಸೆಲ್ಲನ್ನೇ ಸೂಚಿಸುತ್ತೇನೆ. ಎಂಜಿನ್ ಸತ್ತಿದೆ ಎಂಬ ಕಾರಣಕ್ಕೆ ಅಗ್ಗವಾಗಿ ಸಿಗುವ ದೋಣಿ ಅಗ್ಗವಲ್ಲ, ಏಕೆಂದರೆ ಹೊಸ ಡೀಸೆಲ್ ಎಂಜಿನ್ ಕೂರಿಸುವ ಖರ್ಚು ಈ ವಯಸ್ಸಿನ ದೋಣಿಯ ಬೆಲೆಯನ್ನೇ ಮೀರಬಹುದು.

7. ವಾಸಕ್ಕೆ ಯೋಗ್ಯವೇ?

ವಾರಾಂತ್ಯಕ್ಕೆ ಸಾಕಾಗುವ ದೋಣಿ ವಾಸಕ್ಕೆ ಸಾಲುತ್ತದೆ ಎನ್ನಲಾಗದು. ಹಾಸಿಗೆಯ ಮೇಲೆ ಕಾಲು ಚಾಚಿ ಹದಿನೈದು ನಿಮಿಷ ಮಲಗಿ. ಒಲೆಯ ಮುಂದೆ ನಿಂತು ಒಗ್ಗರಣೆ ಹಾಕುವ ಭಂಗಿಯಲ್ಲಿ ಕೈಯಾಡಿಸಿ, ಮೇಲಿನ ಕಿಂಡಿ ತೆರೆಯುತ್ತದೆಯೇ ನೋಡಿ. ನಮ್ಮ ಅಡುಗೆಯಲ್ಲಿ ಹಬೆ, ಹೊಗೆ ಎರಡೂ ಹೆಚ್ಚು. ಗಾಳಿಯಾಡದ ಕ್ಯಾಬಿನ್‌ನಲ್ಲಿ ಆ ಹಬೆ ಚಳಿಗಾಲದ ರಾತ್ರಿ ತಣ್ಣನೆಯ ಒಡಲಿಗೆ ತಾಗಿ ನೀರಾಗಿ, ಹಾಸಿಗೆಯ ಅಡಿಯಲ್ಲಿ ಬೂಸ್ಟು ಬೆಳೆಯುತ್ತದೆ. ಇಲ್ಲೂ ನೀರಿನ ಕಥೆಯೇ, ಬಂದ ದಾರಿ ಮಾತ್ರ ಬೇರೆ. ಹಾಸಿಗೆಯ ಕೆಳಗೆ ಗಾಳಿ ಹರಿಯುವ ಪಟ್ಟಿಗಳ ಚೌಕಟ್ಟು ಇಟ್ಟು, ದಡದ ವಿದ್ಯುತ್ತಿನಿಂದ ಸಣ್ಣ ಡಿಹ್ಯುಮಿಡಿಫಯರ್ ಓಡಿಸಿದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಪ್ರೆಶರ್ ಕುಕ್ಕರನ್ನು ಮಾತ್ರ ಮರೆಯದೆ ತೆಗೆದುಕೊಂಡು ಹೋಗಿ: ಗ್ಯಾಸ್ ಉಳಿಯುತ್ತದೆ, ಹಬೆ ಕಡಿಮೆ, ದೋಣಿ ಹೊಯ್ದಾಡಿದರೂ ಬೀಗ ಹಾಕಿದ ಮುಚ್ಚಳದೊಳಗಿನ ಸಾರು ಮೈಮೇಲೆ ಚೆಲ್ಲುವುದಿಲ್ಲ.

ಒಲೆಗೆ ಪ್ರೊಪೇನ್ ಇದ್ದರೆ ಅದರ ಸಿಲಿಂಡರ್, ಕ್ಯಾಬಿನ್ನಿಗೆ ಸಂಬಂಧವಿಲ್ಲದೆ ತಳದ ಕೊಳವೆಯ ಮೂಲಕ ನೇರ ಹೊರಕ್ಕೆ ತೆರೆಯುವ ಪ್ರತ್ಯೇಕ ಪೆಟ್ಟಿಗೆಯಲ್ಲಿರಬೇಕು. ಊರಿನ ಎಲ್‌ಪಿಜಿಯಂತೆ ಇದೂ ಗಾಳಿಗಿಂತ ಭಾರ. ಮನೆಯಲ್ಲಾದರೆ ಕಿಟಕಿ ಬಾಗಿಲು ತೆರೆಯಬಹುದು, ದೋಣಿಯ ತಳಕ್ಕೆ ಬಾಗಿಲಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ದೋಣಿಯಲ್ಲಿ ಒಂದು ರಾತ್ರಿಯೂ ಮಲಗಬಾರದು.

ವಿದ್ಯುತ್ತಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಸಣ್ಣ 12 ವೋಲ್ಟ್ ಫ್ರಿಜ್ ಒಂದೇ ದಿನಕ್ಕೆ ಸುಮಾರು 40ರಿಂದ 60 ಆಂಪಿಯರ್-ಗಂಟೆ ತಿನ್ನುತ್ತದೆ. ಸೀಸದ ಬ್ಯಾಟರಿಯಿಂದ ಅದರ ಸಾಮರ್ಥ್ಯದ ಅರ್ಧವನ್ನಷ್ಟೇ ತೆಗೆಯುವುದು ಕ್ಷೇಮವಾದ್ದರಿಂದ, 200ರ ಬ್ಯಾಟರಿ ಕೈಗೆ ಕೊಡುವುದು 100. ದೀಪ, ಫೋನು, ಲ್ಯಾಪ್‌ಟಾಪ್ ಸೇರಿದರೆ ಲಂಗರು ಹಾಕಿದ ಎರಡನೆಯ ಬೆಳಿಗ್ಗೆಗೆ ಅದು ಖಾಲಿ; 200 ವ್ಯಾಟ್ ಸೌರ ಫಲಕ ಹಾಕಲು ಜಾಗವಿದೆಯೇ ಎಂದು ನೋಡುವುದು ಅದಕ್ಕಾಗಿ. ವೈರಿಂಗ್ ಬಗ್ಗೆ ಒಂದೇ ಮಾತು: ಅನ್ನಾಪೊಲಿಸ್‌ನಲ್ಲೇ ಕಚೇರಿಯಿರುವ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್‌ನ ಮಾನದಂಡದ ಪ್ರಕಾರ ಬ್ಯಾಟರಿಯಿಂದ ಹೊರಡುವ ತಂತಿಗೆ ಸಾಮಾನ್ಯವಾಗಿ ಏಳು ಇಂಚಿನೊಳಗೆ ಫ್ಯೂಸ್ ಇರಬೇಕು. ಆ ಏಳು ಇಂಚಿನಲ್ಲಿ ಫ್ಯೂಸ್ ಇಲ್ಲದಿದ್ದರೆ ಉಳಿದ ವೈರಿಂಗನ್ನೂ ನಂಬಬೇಡಿ.

ಶೌಚದ ತ್ಯಾಜ್ಯವನ್ನು ಸಂಸ್ಕರಿಸದೆ ಕರಾವಳಿಯಿಂದ ಮೂರು ನಾಟಿಕಲ್ ಮೈಲಿಯೊಳಗೆ ಹೊರಬಿಡುವುದು ಅಮೆರಿಕದಲ್ಲಿ ಕಾನೂನುಬಾಹಿರ. ಹಾಗಾಗಿ ಸಂಗ್ರಹ ಟ್ಯಾಂಕ್ ಎಷ್ಟು ದೊಡ್ಡದು, ಅದನ್ನು ಖಾಲಿ ಮಾಡಿಸುವ ಪಂಪ್ಔಟ್ ಸೌಲಭ್ಯ ನೀವು ದೋಣಿ ಕಟ್ಟುವ ಮರೀನಾದಲ್ಲಿದೆಯೇ ಎಂಬುದು ಕೇಳಲು ನಾಚಿಕೆಪಡುವ ಪ್ರಶ್ನೆಯಾಗಬಾರದು. ಅದೇ ಉಸಿರಿನಲ್ಲಿ ದೋಣಿಯ ಮೇಲೆ ವಾಸಕ್ಕೆ ಅನುಮತಿಯಿದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅನೇಕ ಮರೀನಾಗಳು ವಾಸಿಗಳ ಸಂಖ್ಯೆಗೆ ಮಿತಿ ಹಾಕಿವೆ. ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರು ವಾಸದ ವಿಳಾಸ ಬದಲಾದ ಹತ್ತು ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕೆಂಬ ನಿಯಮ ಮರೀನಾದ ವಿಳಾಸಕ್ಕೂ ಅನ್ವಯಿಸುತ್ತದೆ.

8. ಸರ್ವೇಯರ್, ಕರಾರು, ಕಾಗದಪತ್ರ

ಇಷ್ಟೆಲ್ಲವನ್ನು ನೀವೇ ನೋಡಿದ ಮೇಲೂ ವೃತ್ತಿಪರ ಸರ್ವೇಯರ್ ಬೇಕೇ ಎಂದರೆ, ಬೇಕು. ನಿಮ್ಮ ಪರೀಕ್ಷೆ ಕೆಟ್ಟ ದೋಣಿಗಳನ್ನು ಬೇಗ ತಳ್ಳಿಹಾಕಲು. ಅವರ ಪರೀಕ್ಷೆ ಉಳಿದ ಒಂದನ್ನು ಒರೆಗೆ ಹಚ್ಚಲು. ದೋಣಿ ಸರ್ವೇಯರ್‌ಗಳ ಸಂಘಗಳಾದ ಸ್ಯಾಮ್ಸ್ (SAMS) ಅಥವಾ ನ್ಯಾಮ್ಸ್‌ನ (NAMS) ಮಾನ್ಯತೆಯುಳ್ಳ, ಹಾಯಿದೋಣಿಗಳಲ್ಲಿ ಪಳಗಿದ ಸರ್ವೇಯರನ್ನು ನೀವೇ ಹುಡುಕಿ. ಮಾರಾಟ ಮಾಡಿಸುವ ಬ್ರೋಕರ್ ಸೂಚಿಸಿದ ಹೆಸರನ್ನು ನಯವಾಗಿ ಬದಿಗಿಡಿ. ಶುಲ್ಕ ಸಾಮಾನ್ಯವಾಗಿ ಅಡಿಗೆ 20ರಿಂದ 30 ಡಾಲರ್, ದೋಣಿ ಎತ್ತಿಸುವ ಖರ್ಚು ಬೇರೆ. ಸರ್ವೇ ನಡೆಯುವಾಗ ನೀವೂ ಹಾಜರಿರಿ, ಏಕೆಂದರೆ ವರದಿಯಲ್ಲಿ ಬರೆಯದ ಎಷ್ಟೋ ಮಾತುಗಳನ್ನು ಅವರು ಬಾಯಲ್ಲಿ ಹೇಳುತ್ತಾರೆ. ವಿಮೆಗೂ ಈ ವರದಿಯೇ ಆಧಾರ. ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಅವಧಿಯಲ್ಲಿ ದೋಣಿ ಎಲ್ಲಿರುತ್ತದೆ ಎಂಬ ಪ್ರಶ್ನೆಗೂ ವಿಮಾ ಕಂಪನಿಗೆ ಉತ್ತರ ಕೊಡಬೇಕಾಗುತ್ತದೆ.

ಬೆಲೆಯ ಕರಾರಿನಲ್ಲಿ ‘ಸರ್ವೇ ಮತ್ತು ನೀರಿನ ಮೇಲಿನ ಪರೀಕ್ಷೆ ತೃಪ್ತಿಕರವಾದರೆ ಮಾತ್ರ’ ಎಂಬ ಷರತ್ತಿರಬೇಕು. ಮುಂಗಡ, ರೂಢಿಯಂತೆ ಶೇಕಡಾ 10, ಆ ಷರತ್ತಿಗೆ ಒಳಪಟ್ಟು ಹಿಂತಿರುಗುವಂತಿರಬೇಕು. ಈ ವಯಸ್ಸಿನ ಮೂವತ್ತು ಅಡಿಯ ದೋಣಿಗಳಿಗೆ ಸಾಮಾನ್ಯವಾಗಿ 10,000ದಿಂದ 25,000 ಡಾಲರ್ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಕೈಯಲ್ಲಿರುವ ಹಣದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ದೋಣಿಗೆ ಕೊಡಕೂಡದು, ಉಳಿದ ಪಾಲನ್ನು ಮೊದಲ ವರ್ಷವೇ ಕೇಳುತ್ತದೆ.

ಒಡಲಿನ ಹಿಂಭಾಗದ ಬಲಮೇಲ್ಗಡೆ 12 ಅಕ್ಷರಾಂಕಗಳ ಗುರುತು ಕೆತ್ತಿರುತ್ತದೆ, 1972ರ ನವೆಂಬರಿನ ನಂತರದ ದೋಣಿಗಳಿಗೆ ಇದು ಕಡ್ಡಾಯ. ಅದರ ಮೊದಲ ಮೂರು ತಯಾರಕರದ್ದು, ಕೊನೆಯ ಅಂಕಿಗಳಲ್ಲಿ ತಯಾರಿಕೆಯ ಕಾಲ ಅಡಗಿದೆ. ಕಾಗದದಲ್ಲಿರುವುದರೊಂದಿಗೆ ಇದನ್ನು ತಾಳೆ ನೋಡಿ. ಕೋಸ್ಟ್ ಗಾರ್ಡ್‌ನ ಬಳಿ ದಾಖಲಾದ ದೋಣಿಯಾದರೆ ಅದರ ಮೇಲೆ ಸಾಲವಿದೆಯೇ ಎಂದು ತಿಳಿಯಲು ಅವರಿಂದ ಒಡೆತನದ ಇತಿಹಾಸದ ಪ್ರತಿ ತರಿಸಿಕೊಳ್ಳಿ. ಆದರೆ ಈ ಕೇಂದ್ರ ದಾಖಲಾತಿ ಅಮೆರಿಕದ ಪೌರರಿಗೆ ಮಾತ್ರ. ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಇರುವವರು ದೋಣಿಯನ್ನು ಆ ದಾಖಲೆಯಿಂದ ತೆಗೆಸಿ ರಾಜ್ಯದಲ್ಲಿ ನೋಂದಾಯಿಸಬೇಕು. ಮೇರಿಲ್ಯಾಂಡ್‌ನಲ್ಲಿ ಆಗ ಬೆಲೆಯ ಶೇಕಡಾ 5 ತೆರಿಗೆ ಕಟ್ಟಬೇಕಾಗುತ್ತದೆ. ಇದನ್ನು ಮರೆತು ಬಜೆಟ್ ಹಾಕಿದವರಲ್ಲಿ ನಾನೂ ಒಬ್ಬ.

9. ಕೈಗೆ ಬಂದ ಮೊದಲ ವಾರ

ಬಣ್ಣ, ಪರದೆ, ಹೊಸ ಕುಶನ್ ಇವೆಲ್ಲ ಕಾಯಲಿ. ಮೊದಲು ಸೀಕಾಕ್‌ಗಳ ಹೋಸ್ ಕ್ಲಾಂಪ್‌ಗಳನ್ನು, ಎಂಜಿನ್ನಿನ ನೀರುಪಂಪಿನ ರಬ್ಬರ್ ಇಂಪೆಲ್ಲರನ್ನು, ಆಯಿಲ್ ಮತ್ತು ಫಿಲ್ಟರ್‌ಗಳನ್ನು ಬದಲಿಸಿ. ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಸ್ಟಫಿಂಗ್ ಬಾಕ್ಸ್ ಹಳೆಯ ಬಗೆಯದಾದರೆ, ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕುವುದು ಸರಿ, ನಿಂತಾಗ ನಿಲ್ಲಬೇಕು. ಲಂಗರಿನ ಹಗ್ಗವನ್ನು ಪೂರ್ತಿ ಹೊರಗೆಳೆದು, ತುದಿ ದೋಣಿಗೆ ಕಟ್ಟಿದೆಯೇ ಎಂದು ಕಣ್ಣಾರೆ ನೋಡಿ, ಇಪ್ಪತ್ತೈದು ಅಡಿಗೊಂದು ಗುರುತು ಹಾಕಿ. ಎಂಟು ಅಡಿ ನೀರು, ನೀರಿನಿಂದ ದೋಣಿಯ ಮೂತಿಗೆ (ಮುಂತುದಿಗೆ) ನಾಲ್ಕು ಅಡಿ ಎಂದಾದರೆ ಏಳು ಪಟ್ಟಿನ ಲೆಕ್ಕದಲ್ಲಿ 84 ಅಡಿ ಬಿಡಬೇಕು; ಚೆಸಪೀಕ್‌ನ ಮೆತ್ತನೆಯ ಕೆಸರು ಅಷ್ಟು ಬಿಟ್ಟರೆ ಚೆನ್ನಾಗಿ ಹಿಡಿಯುತ್ತದೆ.

ಮೊದಲ ರಾತ್ರಿ ದಕ್ಕೆಯಲ್ಲೇ ಕಟ್ಟಿ ಮಲಗಿ. ಬಿಲ್ಜನ್ನು ಒರೆಸಿ ಒಣಗಿಸಿ, ಪಂಪಿನ ಸ್ವಿಚ್ಚನ್ನು ತಾನಾಗಿ ಓಡುವ ಸ್ಥಿತಿಯಲ್ಲಿಟ್ಟು, ತಲೆಯ ಬಳಿ ಕಾಗದ ಪೆನ್ನು ಇಟ್ಟುಕೊಳ್ಳಿ. ಪಂಪು ಓಡಿದ ಸದ್ದಿಗೆ ಎಚ್ಚರವಾದಾಗಲೆಲ್ಲ ಗಂಟೆ ಬರೆಯಿರಿ. ನನ್ನ ಎರಡನೆಯ ದೋಣಿಯ ಮೊದಲ ರಾತ್ರಿಯ ಹಾಳೆಯಲ್ಲಿ ‘2.40’ ಎಂಬ ಒಂದೇ ಗುರುತಿದೆ. ಬೆಳಿಗ್ಗೆ ನೆಲದ ಹಲಗೆ ಎತ್ತಿ ತಳದಲ್ಲಿ ಉಳಿದ ನೀರಿಗೆ ಮೀಟರ್ ಅದ್ದಿದರೆ 180 ತೋರಿಸಿತು. ಕೊಲ್ಲಿಯದಲ್ಲ, ಮೂತಿಯ ಕಡೆಯ ಕುಡಿಯುವ ನೀರಿನ ಟ್ಯಾಂಕಿನದು. ಕ್ಲಾಂಪ್ ಬಿಗಿ ಮಾಡಲು ಹತ್ತು ನಿಮಿಷ ಹಿಡಿಯಿತು.